‘ಇವನು ಮತ್ತೆ ಮಾಡಲ್ಲ ಅಂತ ಬರೆದುಕೊಡಿ’: ಮೂರು ದಿನದ ತರಬೇತಿಗೆ ಐದು ತಿಂಗಳು

ಏಪ್ರಿಲ್ ಎರಡನೇ ವಾರ. ಚಿಕ್ಕಮಗಳೂರಿನಲ್ಲಿರುವ ನನ್ನ ಕ್ಲಿನಿಕ್ ಮುಚ್ಚುವ ಹೊತ್ತಿಗೆ ಒಬ್ಬ ವಕೀಲರು ಮೆಟ್ಟಿಲು ಹತ್ತಿ ಬಂದರು. ಅವರ ಹಿಂದೆ ಅಪ್ಪ, ಮಗ. ಮಗನಿಗೆ ಇಪ್ಪತ್ತಾರು ಇರಬಹುದು. ಅಪ್ಪ ಕುರ್ಚಿ ಕೊಟ್ಟರೂ ಕೂರಲಿಲ್ಲ. ಒದ್ದೆಯಾಗದ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಹತ್ತಿರವೇ ನಿಂತರು.

"ಮೇಡಂ, ಜಾಮೀನು ಆಗಿದೆ. ಇವನು ಮತ್ತೆ ಇಂಥದ್ದು ಮಾಡಲ್ಲ ಅಂತ ನಿಮ್ಮ ಲೆಟರ್‌ಹೆಡ್ಡಲ್ಲಿ ಒಂದು ಸರ್ಟಿಫಿಕೇಟ್ ಬರೆದುಕೊಡಿ, ಸಾಕು" ಅಂದರು ವಕೀಲರು.

ಇಂಥದ್ದು ಅಂದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೋಗಳು ಅವನ ಫೋನಿನಲ್ಲಿ ಸಿಕ್ಕಿದ್ದವು. ಇಂಥ ಕೇಸುಗಳು ನಮ್ಮ ಊರಿಗೆ ಬರುವ ದಾರಿ ಹೀಗಿದೆ. ಇಂಟರ್‌ನೆಟ್ ಕಂಪನಿಗಳು ಇಂಥ ಫೈಲು ಕಂಡರೆ ಕಾಣೆಯಾದ, ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಎಂಬ ಸಂಸ್ಥೆಗೆ ವರದಿ ಮಾಡುತ್ತವೆ. 2019ರಲ್ಲಿ ಆದ ಒಪ್ಪಂದದ ಪ್ರಕಾರ ಭಾರತದ ವರದಿಗಳು ದೆಹಲಿಗೆ ಬರುತ್ತವೆ. ಅಲ್ಲಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಯ ಸಿಇಎನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗೆ. ಮನೆಯವರಿಗೆ ಗೊತ್ತಾಗುವುದು ಪೊಲೀಸರು ಬಾಗಿಲು ತಟ್ಟಿದ ಮೇಲೆ. (ಈ ಮನೆಯವರ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಈ ಊರಿನಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಪೋಕ್ಸೊ ಕೇಸುಗಳಲ್ಲಿ ನೊಂದ ಮಕ್ಕಳ ಜೊತೆ ಎಷ್ಟೋ ಸಲ ಕೂತಿದ್ದೇನೆ. ಆಚೆ ಕಡೆಯವರ ಜೊತೆ ಕೂತವಳಲ್ಲ. ಅವತ್ತು ನನ್ನ ಕೈಯಲ್ಲಿ ಉತ್ತರವೇ ಇರಲಿಲ್ಲ. ‘ಮಾಡಲ್ಲ’ ಅಂತ ಬರೆದರೆ ಸುಳ್ಳು. ‘ಮಾಡ್ತಾನೆ’ ಅಂತ ಬರೆದರೂ ಸುಳ್ಳು. ಸಮಯ ಬೇಕು ಅಂತ ಹೇಳಿ ಕಳಿಸಿದೆ.

ಬೆಂಗಳೂರಿನಲ್ಲಿರುವ ನನ್ನ ಗುರುಗಳಿಗೆ ಫೋನ್ ಮಾಡಿದೆ. "ನೋಡಮ್ಮಾ, ಗೊತ್ತಿಲ್ಲದ ಕೆಲಸಕ್ಕೆ ಸಹಿ ಹಾಕಬೇಡ. ಕಲಿತು ಹಾಕು" ಅಂದರು. ಆನ್‌ಲೈನ್ ಲೈಂಗಿಕ ಅಪರಾಧಿಗಳ ರಿಸ್ಕ್ ಅಸೆಸ್‌ಮೆಂಟ್, ಅಂದರೆ ಅವರು ಮತ್ತೆ ಅಪರಾಧ ಮಾಡುವ ಅಪಾಯ ಎಷ್ಟು ಅಂತ ಅಳೆಯುವುದರ ಬಗ್ಗೆ ಇಂಗ್ಲೆಂಡಿನವರು ನಡೆಸುವ ಮೂರು ದಿನದ ಆನ್‌ಲೈನ್ ತರಬೇತಿಯೊಂದರ ವಿಷಯ ಅವರಿಂದಲೇ ಗೊತ್ತಾಯಿತು. ಮೂರು ದಿನ ತಾನೆ ಅಂದುಕೊಂಡೆ. ಸರ್ಟಿಫಿಕೇಟ್ ಕೈಗೆ ಬಂದಾಗ ಸೆಪ್ಟೆಂಬರ್.

ಮೊದಲು ಕಾಗದಪತ್ರದ ವಿಷಯ ಹೇಳುತ್ತೇನೆ, ಯಾಕೆಂದರೆ ನನಗೆ ಜಾಸ್ತಿ ದಿನ ಹಿಡಿದಿದ್ದೇ ಅಲ್ಲಿ. ಈ ವಿಷಯದ ತರಬೇತಿಗೆ ಯಾರನ್ನಾದರೂ ಸುಮ್ನೆ ಸೇರಿಸಿಕೊಳ್ಳುವುದಿಲ್ಲ. ಸೇರಿಸಿಕೊಳ್ಳಲೂ ಬಾರದು. ಅವರು ಕೇಳಿದ್ದು ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ನೋಂದಣಿ, ಎಂ.ಫಿಲ್. ಪ್ರಮಾಣಪತ್ರ, ಕೆಲಸ ಕೊಟ್ಟವರ ಪತ್ರ, ಪೊಲೀಸ್ ಕ್ಲಿಯರೆನ್ಸ್, ಮತ್ತು ಗೌಪ್ಯತೆಯ ಮುಚ್ಚಳಿಕೆ. ನನಗೆ ಕೆಲಸ ಕೊಟ್ಟವರೇ ಇಲ್ಲ, ಸ್ವಂತ ಕ್ಲಿನಿಕ್. ಎರಡು ಸಲ ಮೇಲ್ ಬರೆದ ಮೇಲೆ, ನನ್ನ ಕೆಲಸವನ್ನು ಮೇಲ್ವಿಚಾರಣೆ ಮಾಡುವ ಹಿರಿಯರ ಪತ್ರ ಆಗಬಹುದು ಅಂದರು. ಅದರಲ್ಲಿ ಇಂಕಿನ ಸಹಿಯೇ ಇರಬೇಕಂತೆ. ಒಂದು ಸಹಿಗೆ ಬೆಂಗಳೂರಿಗೆ ಹೋಗಿಬಂದೆ. ಬೆಳಗಿನ ಮೊದಲ ಬಸ್ಸು, ರಾತ್ರಿ ವಾಪಸ್.

ಅದಕ್ಕಿಂತ ದೊಡ್ಡ ತೊಂದರೆ ಇನಿಶಿಯಲ್‌ನದು. ನನ್ನ ಆರ್‌ಸಿಐ ಪ್ರಮಾಣಪತ್ರದಲ್ಲಿ ಹೆಸರಿನ ಹಿಂದೆ ಎರಡು ಇನಿಶಿಯಲ್ ಇದೆ. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದಿದೆ. ಅವರ ಕಣ್ಣಿಗೆ ಇಬ್ಬರು ಬೇರೆ ಬೇರೆ ಹೆಂಗಸರು. ಇಬ್ಬರೂ ಒಬ್ಬಳೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕಾಯಿತು. ಸ್ಟಾಂಪ್ ಪೇಪರ್, ಟೈಪಿಂಗ್, ನೋಟರಿ ಎಲ್ಲಾ ಸೇರಿ 350 ರೂಪಾಯಿ. ನಮ್ಮ ಕಡೆ ಮುಕ್ಕಾಲು ಜನರ ದಾಖಲೆ ಹೀಗೇ ಇರುತ್ತದೆ. ಹೊರದೇಶದ ಯಾವ ಕೋರ್ಸಿಗೆ ಹಾಕುವವರೂ ಇದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ಪೊಲೀಸ್ ಕ್ಲಿಯರೆನ್ಸಿಗೆ ಅರ್ಜಿ ಹಾಕಿದಾಗ ಠಾಣೆಯಲ್ಲಿ "ಯಾವ ದೇಶಕ್ಕೆ ಹೋಗ್ತಿದ್ದೀರಿ ಮೇಡಂ?" ಅಂತ ಕೇಳಿದರು. ಎಲ್ಲಿಗೂ ಹೋಗಲ್ಲ, ಮನೆಯಲ್ಲೇ ಕೂತು ಕಲಿಯೋದು ಅಂದೆ. ಏನು ಕಲಿಯೋದು ಅಂತ ಕೇಳಿದಾಗ ಹೇಳಿದೆ. ಅಲ್ಲಿದ್ದ ಮಹಿಳಾ ಸಿಬ್ಬಂದಿ ಪೆನ್ನು ಕೆಳಗಿಟ್ಟು, "ಅದನ್ನೂ ಕಲಿಯೋರು ಇದ್ದಾರಾ? ನಮಗೂ ಯಾರಾದ್ರೂ ಹೇಳಿಕೊಟ್ಟರೆ ಒಳ್ಳೇದಿತ್ತು" ಅಂದರು. ಆ ಮಾತು ನನ್ನ ಜೊತೆ ಬಹಳ ದಿನ ಇತ್ತು.

ಫೀಸು 350 ಪೌಂಡ್. ಕಾರ್ಡಿನಲ್ಲಿ ಕಟ್ಟಲು ಹೋದರೆ ಮೂರು ಸಲ ವಾಪಸ್ ಬಂತು. ನಮ್ಮ ಕಾರ್ಡುಗಳಲ್ಲಿ ವಿದೇಶಿ ಪಾವತಿ ಮೊದಲಿಗೆ ಬಂದ್ ಆಗಿರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು. ಅದು ಗೊತ್ತಾಗುವಷ್ಟರಲ್ಲಿ ಮೇ ತಿಂಗಳ ಬ್ಯಾಚ್ ತುಂಬಿಹೋಗಿತ್ತು. ಜುಲೈವರೆಗೆ ಕಾಯಬೇಕಾಯಿತು. ಕರೆನ್ಸಿ ಬದಲಾವಣೆಯ ಶುಲ್ಕ, ಅದರ ಮೇಲೆ ಜಿಎಸ್‌ಟಿ ಎಲ್ಲಾ ಸೇರಿ ಸುಮಾರು 42,000 ರೂಪಾಯಿ ಆಯಿತು. ನನ್ನಂಥವಳಿಗೆ ಇದು ಸಣ್ಣ ಮೊತ್ತ ಅಲ್ಲ. ಗಂಡನ ಹತ್ತಿರ ಅರ್ಧ ಸಾಲ ತೆಗೆದುಕೊಂಡೆ.

ಆಮೇಲೆ ಜೆರಾಕ್ಸ್ ಅಂಗಡಿ. ತರಬೇತಿಗೆ ಮುಂಚೆ ಓದಬೇಕಾದ 60 ಪುಟ ಬಂತು. ಪ್ರಿಂಟ್ ತೆಗೆಸಲು ಪೆನ್ ಡ್ರೈವ್ ಹಿಡಿದು ಅಂಗಡಿ ಮುಂದೆ ನಿಂತೆ. ಪಿಯುಸಿ ಓದುವ ವಯಸ್ಸಿನ ಹುಡುಗ ಕೈ ಚಾಚಿದ. ಮೊದಲ ಪುಟದ ತಲೆಬರಹ ಜ್ಞಾಪಕ ಬಂತು. ಅವನು ಅದನ್ನು ಓದುತ್ತಾನೆ, ಆಮೇಲೆ ನನ್ನ ಮುಖ ನೋಡುತ್ತಾನೆ. "ಬೇಡಪ್ಪ, ಆಮೇಲೆ ಬರ್ತೀನಿ" ಅಂತ ವಾಪಸ್ ಬಂದೆ. ಸ್ನೇಹಿತೆಯ ಮನೆಯ ಪ್ರಿಂಟರಿನಲ್ಲಿ ತೆಗೆದುಕೊಂಡೆ. ಆ ವಿಷಯದ ಹೆಸರನ್ನು ನಮ್ಮ ಊರಿನ ಒಂದು ಅಂಗಡಿಯಲ್ಲಿ ಹೇಳಲು ಬಾಯಿ ಬರಲಿಲ್ಲ. ಇನ್ನು ಆ ಅಪ್ಪ ಅದನ್ನು ಮೊದಲ ಸಲ ವಕೀಲರ ಮುಂದೆ ಹೇಗೆ ಹೇಳಿದರೋ ಅನ್ನಿಸಿತು.

ತರಬೇತಿ ಅವರ ಬೆಳಿಗ್ಗೆ ಒಂಬತ್ತೂವರೆಗೆ ಶುರು. ನಮಗೆ ಮಧ್ಯಾಹ್ನ ಎರಡು ಗಂಟೆ. ಮುಗಿಯುವುದು ರಾತ್ರಿ ಒಂಬತ್ತಕ್ಕೆ. ಒಂಟಿ ಕೋಣೆ, ಇಯರ್‌ಫೋನ್ ಕಡ್ಡಾಯ, ಮನೆಯವರು ಯಾರೂ ಅಕ್ಕಪಕ್ಕ ಇರಬಾರದು. ನನಗೆ ಎಂಟು ವರ್ಷದ ಮಗಳಿದ್ದಾಳೆ. ಮನೆ ಬೇಡ ಅಂತ ಕ್ಲಿನಿಕ್ಕಿನಲ್ಲೇ ಕೂತೆ. ಅತ್ತೆ "ಏನಮ್ಮ ಅದು ರಾತ್ರಿವರೆಗೆ ಕ್ಲಾಸು?" ಅಂದರು. "ಕೋರ್ಟಿನ ಕೆಲಸದ್ದು ಅತ್ತೆ" ಅಂತಷ್ಟೇ ಹೇಳಿದೆ.

ಎಲ್ಲರೂ ನನ್ನನ್ನು ಕೇಳುವುದು ಒಂದೇ, ಅಂಥ ಚಿತ್ರ ತೋರಿಸುತ್ತಾರಾ ಅಂತ. ಇಲ್ಲ. ಒಂದೂ ತೋರಿಸುವುದಿಲ್ಲ. ಬರವಣಿಗೆಯಲ್ಲಿ ಮಾತ್ರ, ಅದೂ ಎಷ್ಟು ಬೇಕೋ ಅಷ್ಟೇ. ನಮ್ಮ ವೃತ್ತಿಯವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಐಟಿ ಕಾಯ್ದೆಯ 67ಬಿ ಪ್ರಕಾರ ಇಂಥದ್ದನ್ನು ಹುಡುಕುವುದು, ನೋಡುವುದು, ಇಳಿಸಿಕೊಳ್ಳುವುದು ಎಲ್ಲಾ ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಬಂದವರು "ನೋಡಿ ಮೇಡಂ, ಇದೇ" ಅಂತ ಫೋನ್ ಮುಂದೆ ಮಾಡಿದರೆ ನೋಡಬೇಡಿ. ಸಾಕ್ಷಿಗೆ ಇರಲಿ ಅಂತ ವಾಟ್ಸಾಪ್‌ಗೆ ಹಾಕಿಸಿಕೊಳ್ಳಲೇಬೇಡಿ. ಇನ್ನೊಂದು, ಪೋಕ್ಸೊ ಕಾಯ್ದೆಯ 19ನೇ ಕಲಂ. ಒಂದು ಮಗುವಿನ ಮೇಲೆ ಅಪರಾಧ ನಡೆದಿದೆ, ನಡೆಯಬಹುದು ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, ಕೌನ್ಸೆಲಿಂಗ್ ಕೋಣೆಯ ಗುಟ್ಟು ಅಂತ ಬಚ್ಚಿಡುವ ಹಾಗಿಲ್ಲ. ಇದನ್ನು ಎದುರಿಗೆ ಕೂತವರಿಗೆ ಮೊದಲ ದಿನವೇ, ಅವರು ಬಾಯಿ ಬಿಡುವ ಮುಂಚೆಯೇ ಹೇಳಿ. ಅರ್ಧಕ್ಕೆ ಹೇಳಿದರೆ ಅದು ಮೋಸ.

ಪದದ ವಿಷಯವೂ ಬಂತು. 2024ರ ಸೆಪ್ಟೆಂಬರ್ 23ರಂದು ನಮ್ಮ ಸುಪ್ರೀಂ ಕೋರ್ಟ್, ‘ಚೈಲ್ಡ್ ಪೋರ್ನೋಗ್ರಫಿ’ ಎಂಬ ಮಾತು ಬಳಸಬಾರದು, ಇದು ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ ಅಂತ ಹೇಳಿತು. ತರಬೇತಿಯಲ್ಲೂ ಅದೇ ಮಾತು. ಅಲ್ಲಿ ಇರುವುದು ನಟನೆ ಅಲ್ಲ, ಒಂದು ಮಗುವಿಗೆ ಆದ ಅನ್ಯಾಯದ ದಾಖಲೆ. "ಸುಮ್ನೆ ನೋಡಿದ್ದಷ್ಟೇ ಅಲ್ವಾ ಮೇಡಂ" ಎಂದು ವಕೀಲರು ಅಂದಾಗ ನನಗೆ ಹೇಳಲು ಬಾರದಿದ್ದ ಮಾತು ಇದು.

ಮೊದಲ ದಿನ ನನ್ನ ತಲೆಯಲ್ಲಿದ್ದ ಲೆಕ್ಕವೇ ತಪ್ಪು ಅಂತ ಗೊತ್ತಾಯಿತು. ನೋಡಿದವನು ಇವತ್ತಲ್ಲ ನಾಳೆ ಮುಟ್ಟೇ ಮುಟ್ಟುತ್ತಾನೆ ಅಂತ ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟಾಗಿತ್ತು. ಕೆನಡಾದ ಮೈಕೆಲ್ ಸೆಟೊ ಮತ್ತು ಜೊತೆಗಾರರು ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಹಾಕಿ 2011ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ. ಆನ್‌ಲೈನ್ ಅಪರಾಧ ಮಾಡಿದ ಗಂಡಸರನ್ನು ಒಂದೂವರೆಯಿಂದ ಆರು ವರ್ಷ ಗಮನಿಸಿದಾಗ ಹೊಸದಾಗಿ ಯಾವುದಾದರೂ ಲೈಂಗಿಕ ಅಪರಾಧಕ್ಕೆ ಸಿಕ್ಕಿಬಿದ್ದವರು ಶೇ. 4.6. ನೇರವಾಗಿ ಮೈಮುಟ್ಟಿದ ಅಪರಾಧ ಶೇ. 2.0. ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಕಡಿಮೆ.

ಸಮಾಧಾನದ ಉಸಿರು ಬಿಡುವಷ್ಟರಲ್ಲಿ ಅದೇ ಅಧ್ಯಯನದ ಇನ್ನೊಂದು ಸಾಲು ತೋರಿಸಿದರು. ಈ ಮುಂಚೆಯೇ ಮೈಮುಟ್ಟಿದ ಅಪರಾಧ ಮಾಡಿದವರು ಎಷ್ಟು? ಪೊಲೀಸ್ ದಾಖಲೆ ನೋಡಿದರೆ ಎಂಟರಲ್ಲಿ ಒಬ್ಬ. ಅವರ ಬಾಯಿಂದಲೇ ಕೇಳಿ ತಿಳಿದ ಅಧ್ಯಯನಗಳಲ್ಲಿ ಅರ್ಧಕ್ಕೂ ಜಾಸ್ತಿ, ಶೇ. 55. ದಾಖಲೆಗೂ ನಿಜಕ್ಕೂ ನಡುವೆ ಅಷ್ಟು ದೊಡ್ಡ ಕಂದಕ ಕೆನಡಾ, ಅಮೆರಿಕದಂಥ ಕಡೆಯೇ ಇದ್ದರೆ, "ಮನೆ ಮರ್ಯಾದೆ" ಅಂತ ಎಲ್ಲವನ್ನೂ ಒಳಗೇ ಮುಚ್ಚಿಡುವ ನಮ್ಮಲ್ಲಿ ಎಷ್ಟಿರಬಹುದು? ಅವತ್ತು ರಾತ್ರಿ ಮನೆಗೆ ಹೋದಾಗ ಮಗಳು ಮಲಗಿದ್ದಳು. ಅವಳ ಪಕ್ಕ ಕೂತು ನಮ್ಮ ಮನೆಗೆ ಬಂದು ಹೋಗುವ ಒಬ್ಬೊಬ್ಬರನ್ನೂ ನೆನೆಸಿಕೊಂಡೆ. ಯಾರ ಮೇಲೂ ನಂಬಿಕೆ ಬರಲಿಲ್ಲ. ಈ ತರಬೇತಿಗೆ ಹೋಗುವವರಿಗೆ ಇದು ಆಗುತ್ತದೆ. ಗುರುಗಳಿಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿ ಅತ್ತುಬಿಟ್ಟೆ. ಮೊದಲೇ ಒಬ್ಬರಿಗೆ ಹೇಳಿಟ್ಟಿರಿ, ಆ ಮೂರು ರಾತ್ರಿ ನಿಮ್ಮ ಫೋನ್ ಎತ್ತಲು.

ಎರಡನೇ ದಿನ ಮುಖ್ಯ ಪಾಠ, ಅಪಾಯ ಅಳೆಯುವ ಪಟ್ಟಿಗಳದು. ಇಂಗ್ಲೆಂಡಿನ ಪ್ರೊಬೇಷನ್‌ನವರಿಗೆ, ಅಂದರೆ ಶಿಕ್ಷೆಯಾಗಿ ಹೊರಗಿರುವವರ ಮೇಲೆ ಕಣ್ಣಿಡುವ ಇಲಾಖೆಯವರಿಗೆ, ಅವರದೇ ಅಳತೆ ಇದೆ. ಕೆಂಟ್ ಪೊಲೀಸರು ಬೆಳೆಸಿದ ‘ಕಿರಾಟ್’ ಎಂಬುದು ಸಾಲುಗಟ್ಟಿದ ಶಂಕಿತರಲ್ಲಿ ಯಾರ ಮನೆಗೆ ಮೊದಲು ಹೋಗಬೇಕು ಅಂತ ಗೊತ್ತುಮಾಡಲು. ನನಗೆ ಕೆಲಸಕ್ಕೆ ಬಂದಿದ್ದು ‘ಸಿಪೋರ್ಟ್’. ಸೆಟೊ ಮತ್ತು ಏಂಜೆಲಾ ಏಕ್ 2015ರಲ್ಲಿ ಪ್ರಕಟಿಸಿದ ಏಳು ಪ್ರಶ್ನೆಗಳ ಪಟ್ಟಿ. ಹೌದು ಅನ್ನುವ ಒಂದೊಂದು ಉತ್ತರಕ್ಕೆ ಒಂದು ಅಂಕ, ಅಂಕ ಹೆಚ್ಚಾದಷ್ಟೂ ಅಪಾಯ ಹೆಚ್ಚು. ತನಿಖೆಯ ಹೊತ್ತಿಗೆ ವಯಸ್ಸು 35 ಅಥವಾ ಅದಕ್ಕಿಂತ ಕಡಿಮೆಯೇ, ಹಿಂದೆ ಯಾವುದಾದರೂ ಅಪರಾಧದ ದಾಖಲೆ ಇದೆಯೇ, ಜಾಮೀನು ಅಥವಾ ಬಿಡುಗಡೆಯ ಷರತ್ತು ಮುರಿದಿದ್ದಾನೆಯೇ, ಮೈಮುಟ್ಟಿದ ಲೈಂಗಿಕ ಅಪರಾಧ ಇದೆಯೇ, ಮಕ್ಕಳ ಬಗ್ಗೆ ಆಸಕ್ತಿ ಇರುವುದು ಕಂಡುಬಂದಿದೆಯೇ. ಉಳಿದ ಎರಡು, ಸಿಕ್ಕ ಸಾಮಗ್ರಿಯಲ್ಲಿ ಗಂಡುಮಕ್ಕಳದು ಹೆಚ್ಚೇ ಎಂಬುದಕ್ಕೆ ಸಂಬಂಧಿಸಿದವು. ಇದು 18 ದಾಟಿದ ಗಂಡಸರಿಗೆ ಮಾತ್ರ. ಬಾಲ ನ್ಯಾಯ ಮಂಡಳಿಯ ಮುಂದೆ ಬರುವ ಹುಡುಗರ ಮೇಲೆ ದಯವಿಟ್ಟು ಯಾರೂ ಇದನ್ನು ಹಾಕಬೇಡಿ.

ಆ ಪಟ್ಟಿಯನ್ನು ಬಹಳ ಹೊತ್ತು ನೋಡಿದೆ. ಅವನು ಎಷ್ಟು ಅತ್ತ ಅನ್ನುವುದಕ್ಕೆ ಅದರಲ್ಲಿ ಜಾಗವೇ ಇಲ್ಲ. ಒಳ್ಳೆ ಮನೆತನವೇ, ತಪ್ಪಾಯ್ತು ಅಂದನೇ, ದೇವರ ಮುಂದೆ ಆಣೆ ಮಾಡಿದನೇ, ಯಾವುದೂ ಇಲ್ಲ. ಇಷ್ಟು ವರ್ಷ ನಾವು ಎದುರಿಗೆ ಕೂತವರ ಮುಖ ನೋಡಿ ಅಳೆಯುತ್ತಿದ್ದದ್ದು ಇವುಗಳಿಂದಲೇ ಅಲ್ವಾ?

ಒಂದು ಕಾಗದದ ಕೇಸು ಕೊಟ್ಟು ಅಂಕ ಹಾಕಲು ಹೇಳಿದರು. ನಾನು 4 ಕೊಟ್ಟೆ. ನನ್ನ ಜೋಡಿಯಾಗಿದ್ದ ಪ್ರೊಬೇಷನ್ ಅಧಿಕಾರಿ 2 ಕೊಟ್ಟರು. ಯಾಕೆ ಅಂತ ಒಂದೊಂದೇ ಬಿಡಿಸಿದೆವು. ಆ ಮನುಷ್ಯ ಮಕ್ಕಳಿಗೆ ಪಾಠ ಹೇಳುತ್ತಿದ್ದ ಅಂತ ಇತ್ತು. ಹಾಗಾದರೆ ಮುಟ್ಟಿರಲೇಬೇಕು ಅಂತ ಅಲ್ಲಿ ಒಂದು ಅಂಕ ಹಾಕಿದ್ದೆ. ಪೊಲೀಸರಿಗೆ ಫೋನ್ ಕೊಡಲು ಎರಡು ದಿನ ತಡಮಾಡಿದ ಅಂತ ಇತ್ತು. ಅದನ್ನು ಷರತ್ತು ಮುರಿದಿದ್ದು ಅಂತ ಬರೆದಿದ್ದೆ. ಎರಡಕ್ಕೂ ಆಧಾರ ಇರಲಿಲ್ಲ. "ಖಾಲಿ ಜಾಗವನ್ನು ನಿಮ್ಮ ಭಯ ತುಂಬುತ್ತಿದೆ. ಮಕ್ಕಳ ಒಡನಾಟದ ವಿಷಯ ಮುಖ್ಯವೇ, ಆದರೆ ಅದರ ಜಾಗ ಸುರಕ್ಷತೆಯ ಯೋಜನೆಯಲ್ಲಿ, ಇಲ್ಲಿ ಅಲ್ಲ" ಅಂದರು ಕಲಿಸುತ್ತಿದ್ದವರು. ಬೈದಿದ್ದಲ್ಲ, ಮೆಲ್ಲಗೆ ಹೇಳಿದ್ದು. ಆ ಹಾಳೆ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ, 4 ಹೊಡೆದು 2 ಮಾಡಿದ್ದು.

ಅಷ್ಟರಲ್ಲಿ ಕರೆಂಟ್ ಹೋಯಿತು. ಪುನರ್ವಸು ಮಳೆ ಎರಡು ದಿನದಿಂದ ಬಿಟ್ಟಿರಲಿಲ್ಲ. ಇನ್‌ವರ್ಟರ್ ಇತ್ತು, ಆದರೆ ಎಲ್ಲೋ ಮರ ಬಿದ್ದು ಇಂಟರ್‌ನೆಟ್ ಕೇಬಲ್ ಹರಿದಿತ್ತು. ಫೋನಿನ ಹಾಟ್‌ಸ್ಪಾಟಿಗೆ ಒಂದು ಕಡ್ಡಿ ಸಿಗ್ನಲ್. ಮತ್ತೆ ಸೇರಿಕೊಳ್ಳುವಷ್ಟರಲ್ಲಿ 41 ನಿಮಿಷ ಆಗಿತ್ತು. 30 ನಿಮಿಷಕ್ಕಿಂತ ಜಾಸ್ತಿ ತಪ್ಪಿದರೆ ಸರ್ಟಿಫಿಕೇಟ್ ಇಲ್ಲ, ಆ ಭಾಗವನ್ನು ಮುಂದಿನ ಬ್ಯಾಚಿನ ಜೊತೆ ಮತ್ತೆ ಮಾಡಬೇಕು. ಎಷ್ಟು ಬೇಡಿಕೊಂಡರೂ ಆಗಲಿಲ್ಲ. ಆಗಸ್ಟ್ ಕೊನೆಯವರೆಗೆ ಮತ್ತೆ ಕಾದೆ. ಮಲೆನಾಡಿನವರು ಮಳೆಗಾಲದ ಬ್ಯಾಚ್ ತೆಗೆದುಕೊಳ್ಳಲೇಬೇಡಿ. ತೆಗೆದುಕೊಂಡರೆ ಬೇರೆ ಬೇರೆ ಕಂಪನಿಯ ಎರಡು ಸಿಮ್ ಇಟ್ಟುಕೊಂಡಿರಿ.

ಮೂರನೇ ದಿನ ನಾನು ಕೈ ಎತ್ತಿ ಕೇಳಿದೆ. ಈ ಅಂಕಗಳನ್ನು ನಮ್ಮ ಊರಿನವರಿಗೆ ಹೇಗೆ ಹೇಳುವುದು? ಸಿಪೋರ್ಟ್ ಮಾಡಿದ್ದು ಕೆನಡಾದ ಒಂಟಾರಿಯೊದಲ್ಲಿ, 266 ಗಂಡಸರನ್ನು ಐದು ವರ್ಷ ಗಮನಿಸಿ. ಇಷ್ಟು ಅಂಕಕ್ಕೆ ಇಷ್ಟು ಶೇಕಡಾ ಅನ್ನುವುದು ಅಲ್ಲಿಯ ಲೆಕ್ಕ. ಉತ್ತರ ನೇರವಾಗಿತ್ತು. ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಗಮನ ಬೇಕು ಅಂತ ಯೋಚಿಸಲು ಎಚ್ಚರದಿಂದ ಬಳಸಿ. ಶೇಕಡಾ ಮಾತ್ರ ಬರೆಯಬೇಡಿ. ಹಿಂದಿನ ಕೇಸು ಇಲ್ಲ ಅಂದರೆ ಅಲ್ಲಿ ಒಂದು ಅರ್ಥ, ದೂರು ಕೊಡುವವರೇ ಇಲ್ಲದ ಕಡೆ ಇನ್ನೊಂದು ಅರ್ಥ.

ಇದೇ ಪಟ್ಟಿಯ ಜೊತೆ ಮಕ್ಕಳ ಬಗ್ಗೆ ಲೈಂಗಿಕ ಆಸಕ್ತಿ ಇದೆಯೇ ಅಂತ ಅಂದಾಜು ಮಾಡಲು ‘ಕಾಸಿಕ್’ ಎಂಬ ಆರು ಪ್ರಶ್ನೆಗಳ ಇನ್ನೊಂದು ಪಟ್ಟಿ ಇದೆ. ಅದರಲ್ಲಿ ಮದುವೆಯಾಗಿಲ್ಲ ಅನ್ನುವುದಕ್ಕೆ ಒಂದು ಅಂಕ. ಅಲ್ಲಿ ಹಾಗಂದರೆ ಸಂಗಾತಿಯ ಜೊತೆ ಸಂಸಾರ ಮಾಡಿದ್ದೇ ಇಲ್ಲ ಅಂತ. ನಮ್ಮಲ್ಲಿ 26 ವರ್ಷದ ಹುಡುಗನಿಗೆ ಮದುವೆ ಆಗಿಲ್ಲ ಅಂದರೆ ಜಾತಕ ಕೂಡಿಲ್ಲ, ತಂಗಿಯ ಮದುವೆ ಬಾಕಿ ಇದೆ, ತೋಟದ ಸಾಲ ಇದೆ, ಏನು ಬೇಕಾದರೂ ಇರಬಹುದು. ಆದರೂ ಮದುವೆಯ ಮಾತು ಬಂದಾಗ ಎದೆ ಧಸಕ್ ಅಂತು. ಯಾಕೆಂದರೆ ಜೂನ್‌ನಲ್ಲಿ ಆ ಅಪ್ಪ ಒಬ್ಬರೇ ಬಂದು ಕೇಳಿದ್ದರು. "ಮೇಡಂ, ಎಲ್ಲಾದರೂ ಬಡವರ ಮನೆ ಹುಡುಗಿ ನೋಡಿ ಮದುವೆ ಮಾಡಿಬಿಟ್ಟರೆ ಸರಿ ಹೋಗ್ತಾನಾ?" ಅಂತ. ನಮ್ಮ ಕಡೆ ಕುಡಿತಕ್ಕೂ ಇದೇ ಮದ್ದು, ಹುಚ್ಚಿಗೂ ಇದೇ ಮದ್ದು. ಇದು ಮದ್ದಲ್ಲ. ಏನೂ ತಿಳಿಯದ ಒಬ್ಬ ಹುಡುಗಿಯನ್ನು ತಂದು ಆ ಮನೆಯಲ್ಲಿ ಕೂರಿಸುವುದು, ನಾಳೆ ಅಲ್ಲೊಂದು ಮಗು ಹುಟ್ಟುವುದು. ಕೌನ್ಸೆಲಿಂಗ್ ಮಾಡುವ ಯಾರೇ ಆಗಲಿ, ಈ ಪ್ರಶ್ನೆಗೆ ಹೂಂ ಅನ್ನಬೇಡಿ.

ಕೊನೆಯ ಗಂಟೆ ಪೂರ್ತಿ ಆತ್ಮಹತ್ಯೆಯ ಬಗ್ಗೆ. ಮನೆಗೆ ಪೊಲೀಸರು ಬಂದುಹೋದ ಮೊದಲ ದಿನಗಳು ಇಂಥವರಿಗೆ ಬಹಳ ಅಪಾಯದವು. ಉಳಿದ ಎಲ್ಲಾ ಪ್ರಶ್ನೆಗಿಂತ ಮೊದಲು ಸಾಯುವ ಯೋಚನೆ ಬಂದಿದೆಯಾ ಅಂತ ಕೇಳಿ ಅಂದರು. ಏಪ್ರಿಲ್‌ನಲ್ಲಿ ನಾನು ಅದನ್ನು ಕೇಳಿರಲಿಲ್ಲ. ತರಬೇತಿ ಮುಗಿದ ಮರುದಿನ ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿ ಮಗನನ್ನು ಕರೆಸಿ ಕೇಳಿದೆ. ಎರಡು ಸಲ ಯೋಚನೆ ಬಂದಿತ್ತು ಅಂದ. ತೋಟಕ್ಕೆ ಹೊಡೆಯುವ ಔಷಧಿಯನ್ನು ಅವತ್ತೇ ಮನೆಯಿಂದ ಆಚೆ ಸಾಗಿಸಿದರು. ಟೆಲಿ ಮಾನಸ್ ನಂಬರ್ 14416 ಅವನ ಫೋನಿನಲ್ಲಿ, ಅವನ ಅಮ್ಮನ ಫೋನಿನಲ್ಲಿ ಹಾಕಿಸಿದೆ. ಕನ್ನಡದಲ್ಲೇ ಮಾತಾಡುತ್ತಾರೆ.

ಸೆಪ್ಟೆಂಬರ್ ಮೊದಲ ವಾರ ಸರ್ಟಿಫಿಕೇಟ್ ಬಂತು. ಆಮೇಲೆ ಅವನ ಜೊತೆ ಆರು ಸಲ ಕೂತು, ಚಾರ್ಜ್‌ಶೀಟ್ ಓದಿ, ಗುರುಗಳಿಗೆ ತೋರಿಸಿ ವರದಿ ಬರೆದೆ. ಚಾರ್ಜ್‌ಶೀಟಿನಲ್ಲಿ ‘ಅಶ್ಲೀಲ ವಿಡಿಯೋಗಳು’ ಅಂತಷ್ಟೇ ಇತ್ತು. ಪಟ್ಟಿಯ ಕೊನೆಯ ಎರಡು ಪ್ರಶ್ನೆಗೆ ಮಾಹಿತಿಯೇ ಇಲ್ಲ. ಮಾಹಿತಿ ಇಲ್ಲ ಅಂತಲೇ ಬರೆದೆ, ಸೊನ್ನೆ ಹಾಕಲಿಲ್ಲ. ಒಟ್ಟು ಅಂಕವನ್ನೂ ಕೊಡಲಿಲ್ಲ. ಯಾವುದು ಗೊತ್ತು, ಯಾವುದು ಗೊತ್ತಿಲ್ಲ, ಯಾವ ಪರಿಸ್ಥಿತಿಯಲ್ಲಿ ಅಪಾಯ ಜಾಸ್ತಿ, ಮನೆಯವರು ಏನು ಮಾಡಬೇಕು, ಚಿಕಿತ್ಸೆ ಎಷ್ಟು ದಿನ. ನಾಲ್ಕು ಪುಟ.

ವಕೀಲರು ಮೊದಲಿಂದ ಕೊನೆಯವರೆಗೆ ಓದಿ, "ಇದರಲ್ಲಿ ‘ಮಾಡಲ್ಲ’ ಅಂತ ಎಲ್ಲಿದೆ ಮೇಡಂ?" ಅಂದರು. ಎಲ್ಲೂ ಇಲ್ಲ ಅಂದೆ. ಅವರು ಕೋರ್ಟಿಗೆ ಕೊಡುತ್ತಾರೋ ಇಲ್ಲವೋ ಅವರಿಗೆ ಬಿಟ್ಟಿದ್ದು.

ಅಪ್ಪ ಈ ಸಲ ಕೂತಿದ್ದರು. ಮೂರನೇ ಪುಟದಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಮಕ್ಕಳ ಜೊತೆ ಅವನು ಒಬ್ಬನೇ ಇರುವಂಥ ಸಂದರ್ಭ ಬರಬಾರದು ಅನ್ನುವ ಸಾಲು. "ದಸರಾ ರಜಕ್ಕೆ ಮಗಳ ಮಕ್ಕಳು ಬರ್ತಾರೆ ಮೇಡಂ. ಪ್ರತಿ ವರ್ಷ ಬರ್ತಾರೆ. ಅವಳಿಗೆ ಇನ್ನೂ ಹೇಳಿಲ್ಲ."

ನಾನು ಏನೂ ಹೇಳದೆ ಕಾದೆ. ಅವರು ಬಹಳ ಹೊತ್ತು ಆ ಪುಟವನ್ನೇ ನೋಡಿದರು. ಆಮೇಲೆ ಜೇಬಿನಿಂದ ಫೋನ್ ತೆಗೆದು ಕೇಳಿದರು. "ನಿಮ್ಮ ಮುಂದೆಯೇ ಮಾತಾಡ್ತೀನಿ. ಈ ಸಲ ನಾನೇ ಅವಳ ಊರಿಗೆ ಹೋಗ್ತೀನಿ. ನನ್ನ ಹೆಂಡತಿ ಮಗನ ಜೊತೆ ಇಲ್ಲೇ ಇರ್ತಾಳೆ. ಮಗಳಿಗೆ ಮೊದಲು ಯಾವುದನ್ನ ಹೇಳಲಿ?"